ಮೈಕಣ್ಣ ಸುಮ್ಮನೆ ಕಲಿತ ಎರಡು ಭಾಷೆ

ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವನಿಗೆ ಮುಖ ಇರಲೇಬೇಕೆಂದಿಲ್ಲ, ಗಂಟಲಿದ್ದರೆ ಸಾಕು. ನಮ್ಮ ಮನುಷ್ಯ ಒಂದು ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿ ನಿಂತಿದೆ, ಯಾವುದು ತಡ, ಯಾವುದು ಬರುವುದೇ ಇಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ ಕೂಗುತ್ತಿದ್ದ. ಊರಿನವರು ಅವನನ್ನು ಮೈಕಣ್ಣ ಎನ್ನುತ್ತಿದ್ದರು. ಅವನ ದನಿ ಗೊತ್ತಿಲ್ಲದವರು ಊರಿನಲ್ಲಿರಲಿಲ್ಲ, ಮುಖ ಗೊತ್ತಿದ್ದವರೂ ಇರಲಿಲ್ಲ. ಅಂಗಡಿಯ ಸಾಲಿನಲ್ಲಿ ನಿಂತರೆ ಹಿಂದಿನವರು ಅವನನ್ನು ಕಂಬವೆಂದು ತಿಳಿದು ಮುಂದೆ ನುಗ್ಗುತ್ತಿದ್ದರು. ಅವನು "ಸ್ವಲ್ಪ ದಾರಿ ಬಿಡಿ" ಎಂದು ಬಾಯಿ ತೆರೆದರೆ ಮಾತ್ರ ಎಲ್ಲರೂ ಗಾಬರಿಯಾಗಿ, ತಮ್ಮ ಬಸ್ಸು ಹೊರಟುಹೋಯಿತೇನೋ ಎಂದು ಗಡಿಯಾರ ನೋಡಿಕೊಳ್ಳುತ್ತಿದ್ದರು.

ದಿನವಿಡೀ ಊರಿಗೆ ಊರನ್ನೇ ಕಳಿಸಿಕೊಡುವ ಈ ಮನುಷ್ಯ ತಾನು ಎಲ್ಲಿಗೂ ಹೋದವನಲ್ಲ. ಜಗತ್ತಿನಲ್ಲಿ ಅವನದು ಅಂತ ಇದ್ದದ್ದು ಎರಡು ಕುರ್ಚಿ. ಗೂಡಿನೊಳಗೆ ಮೈಕಿನ ಎದುರು ಒಂದು ತಿರುಗುವ ಕುರ್ಚಿ. ಮನೆಯಲ್ಲಿ, ಹೆಂಡತಿ ತರಕಾರಿ ಹೆಚ್ಚುತ್ತಾ ಕೂರುವ ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ. ಇವೆರಡರ ನಡುವೆ ಹೋಗಿ ಬಂದು ಮಾಡುತ್ತಾ ಅವನು ತಲೆಗೂದಲು ಹಣ್ಣಾಗಿಸಿಕೊಂಡಿದ್ದ. ಆ ಕುರ್ಚಿಗಳಿಗೆ ಏನಾಯಿತು ಎನ್ನುವುದಷ್ಟೇ ಇಲ್ಲಿನ ವಿಷಯ. ಕೇಳಿ ಬೇಜಾರಾದರೆ ನನ್ನನ್ನು ಬೈಯಬೇಡಿ.

ಬಸ್ಸುಗಳ ನಡುವೆ ಬಿಡುವು ಸಿಕ್ಕಾಗ ಮೈಕಣ್ಣ ಫೋನು ಒತ್ತುತ್ತಾ ಕೂರುತ್ತಿದ್ದ. ಒಂದು ದಿನ ಏನನ್ನೋ ಒತ್ತಲು ಹೋಗಿ ಇನ್ನೇನನ್ನೋ ಒತ್ತಿದ. ಒಳಗಿನಿಂದ ಒಬ್ಬ ಹೆಂಗಸಿನ ದನಿ ನಾರ್ವೇಜಿಯನ್ ಭಾಷೆಯಲ್ಲಿ "ದೋಣಿ ಎಲ್ಲಿದೆ?" ಎಂದು ಕೇಳಿ, ತಿರುಗಿ ಹೇಳುವಂತೆ ಹೇಳಿತು. ಮೈಕಣ್ಣ ತಿರುಗಿ ಹೇಳಿದ. "ಬಹಳ ಚೆನ್ನಾಗಿ ಹೇಳಿದಿರಿ!" ಎಂದಿತು ದನಿ. ಮೈಕಣ್ಣನ ಕಣ್ಣು ಒದ್ದೆಯಾಯಿತು. ಅವನು ಹೇಳಿದ್ದನ್ನು ಇಷ್ಟು ವರ್ಷ ಲಕ್ಷಾಂತರ ಜನ ಕೇಳಿದ್ದರು, ಒಬ್ಬರಾದರೂ ಚೆನ್ನಾಗಿ ಹೇಳಿದಿರಿ ಎಂದಿರಲಿಲ್ಲ. ಅಂದಿನಿಂದ ಅವನಿಗೆ ನಾರ್ವೇಜಿಯನ್ ಹುಚ್ಚು ಹಿಡಿಯಿತು.

ಹುಚ್ಚು ಒಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ವೇಲ್ಸ್ ಎಂಬ ನಾಡಿನಲ್ಲಿ ವೆಲ್ಷ್ ಎಂಬ ಇನ್ನೊಂದು ಭಾಷೆ ಇದೆಯೆಂದೂ, ಅದನ್ನು ಆಡುವವರು ಕಡಿಮೆಯೆಂದೂ, ಉಳಿಸಿಕೊಳ್ಳಲು ಅವರು ಪಾಡು ಪಡುತ್ತಿದ್ದಾರೆಂದೂ ಅವನು ಎಲ್ಲೋ ಓದಿದ. ಕರುಳು ಚುರುಕ್ ಎಂದಿತು. ತಾನೊಬ್ಬ ಸೇರಿಕೊಂಡರೆ ಅವರಿಗೆ ಒಬ್ಬ ಹೆಚ್ಚಾದ ಹಾಗಾಯಿತಲ್ಲ ಎಂದು ಅದನ್ನೂ ಕೈಗೆತ್ತಿಕೊಂಡ. ಬೆಳಿಗ್ಗೆ ಮನೆಯಲ್ಲಿ ನಾರ್ವೇಜಿಯನ್, ಊಟವಾದ ಮೇಲೆ ಗೂಡಿನಲ್ಲಿ ವೆಲ್ಷ್. ಹೇಳಿಕೊಡುವವರಿಲ್ಲ, ಜೊತೆಗೆ ಕಲಿಯುವವರಿಲ್ಲ, ಕಲಿತದ್ದನ್ನು ಆಡಿತೋರಿಸೋಣವೆಂದರೆ ಸಾವಿರಾರು ಮೈಲಿ ಸುತ್ತಳತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಇಷ್ಟು ಸುಖವನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಅನಾಹುತ ನಡೆದದ್ದು ಒಂದು ಮಧ್ಯಾಹ್ನ. ಮೈಕಣ್ಣ ಒಂದು ಬಸ್ಸಿನ ಪ್ರಕಟಣೆ ಮುಗಿಸಿ, ಮೈಕಿನ ಗುಂಡಿ ಆರಿಸುವುದನ್ನು ಮರೆತು, ವೆಲ್ಷ್ ಪಾಠ ತೆರೆದ. "ಮೈ ಹೀನ್ ಬೂರು ಗ್ಲಾವ್," ಎಂದ ಗಂಭೀರವಾಗಿ. ಹಾಗೆಂದರೆ ಮಳೆ ಬರುತ್ತಿದೆ ಎಂದಷ್ಟೇ ಅರ್ಥ. ಹೊರಗೆ ಬಿಸಿಲು ಸುಡುತ್ತಿತ್ತು. ನಿಲ್ದಾಣದ ಅಷ್ಟೂ ಸ್ಪೀಕರುಗಳಲ್ಲಿ "ಮೈ ಹೀನ್ ಬೂರು ಗ್ಲಾವ್" ಮೊಳಗಿತು. ಪಾಠದ ಪ್ರಕಾರ ಅದನ್ನು ಮತ್ತೆ ಮತ್ತೆ ಹೇಳಬೇಕಿತ್ತು. ಮೈಕಣ್ಣ ಶ್ರದ್ಧೆಯ ವಿದ್ಯಾರ್ಥಿ.

ಮೊದಲನೆಯ ಸಲಕ್ಕೆ ಜನ ಕಿವಿ ನಿಮಿರಿಸಿದರು. ಎರಡನೆಯದಕ್ಕೆ ಎದ್ದು ನಿಂತರು. ಮೂರನೆಯದಕ್ಕೆ, ಇದು ತಮ್ಮ ಬಸ್ಸಿನ ಸುದ್ದಿಯೇ ಎಂದು ನಿರ್ಧರಿಸಿ ಗಂಟುಮೂಟೆ ಹೊತ್ತು ಸಿಕ್ಕಸಿಕ್ಕ ಬಸ್ಸಿಗೆ ನುಗ್ಗಿದರು. ಒಬ್ಬ ಡ್ರೈವರು ಇದು ಮೇಲಿನಿಂದ ಬಂದ ಗುಪ್ತ ಆಜ್ಞೆಯೆಂದು ಬಗೆದು ಖಾಲಿ ಬಸ್ಸನ್ನು ಡಿಪೋಗೆ ಓಡಿಸಿಕೊಂಡು ಹೋದ. ಮದುವೆಗೆ ಹೊರಟಿದ್ದ ಒಂದು ಸಂಸಾರ ಎರಡು ಬಸ್ಸುಗಳಲ್ಲಿ ಹರಿದು ಹಂಚಿಹೋಗಿ, ಗಂಡಿನ ಚಿಕ್ಕಪ್ಪ ಯಾರದೋ ಊರಿನಲ್ಲಿ ಇಳಿದು ಯಾರದೋ ಮನೆಯಲ್ಲಿ ಕಾಫಿ ಕುಡಿದು ಬಂದರಂತೆ.

ನಿಲ್ದಾಣದ ಕಂಟ್ರೋಲರ್ ಗೂಡಿನ ಬಾಗಿಲು ಒದ್ದುಕೊಂಡೇ ಒಳಗೆ ಬಂದರು.

"ಏನ್ರೀ ಅದು?"

"ವೆಲ್ಷ್, ಸಾರ್."

"ಯಾವತ್ತಿಂದ ಇದೆ ನಿಮಗೆ?"

"ಕಾಯಿಲೆ ಅಲ್ಲ ಸಾರ್, ಭಾಷೆ. ಬೆಳಿಗ್ಗೆ ನಾರ್ವೇಜಿಯನ್, ಊಟ ಆದ್ಮೇಲೆ ವೆಲ್ಷ್."

"ಊಟ ಆದ್ಮೇಲೆ ಅಂತ ಯಾವ ಡಾಕ್ಟ್ರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾರ್. ಸುಮ್ಮನೆ ಕಲೀತಿದ್ದೀನಿ."

ಕಂಟ್ರೋಲರ್ ಕುಸಿದು ಕುಳಿತರು. ಅವರು ಕೆಟ್ಟವರಲ್ಲ. ಕುಡಿದದ್ದಕ್ಕೆ, ತಡವಾಗಿ ಬಂದದ್ದಕ್ಕೆ, ಟಿಕೆಟ್ಟಿನ ದುಡ್ಡು ನುಂಗಿದ್ದಕ್ಕೆ ಅವರ ಬಳಿ ಒಂದೊಂದು ಸಮಜಾಯಿಷಿ ಸಿದ್ಧವಿತ್ತು. ಸುಮ್ಮನೆ ಮಾಡಿದ ತಪ್ಪಿಗೆ ಮಾತ್ರ ಏನೂ ಇರಲಿಲ್ಲ.

"ಸುಮ್ಮನೆ ಅಂತ ಮೇಲಿನವರಿಗೆ ಹೇಳಿದ್ರೆ ನಿಮ್ಮ ಜೊತೆ ನನ್ನನ್ನೂ ಮನೆಗೆ ಕಳಿಸ್ತಾರೆ," ಎಂದು ಅವರು ಹಣೆ ಒರೆಸಿಕೊಂಡರು. ಅಷ್ಟರಲ್ಲಿ ಮೇಲಿನವರ ಫೋನೇ ಬಂತು. ಕಂಟ್ರೋಲರ್ ಎದ್ದು ನಿಂತು, "ಸಾರ್, ನಮ್ಮ ಮೈಕಣ್ಣ ವಿದೇಶಕ್ಕೆ ಹೊರಟಿದ್ದಾರೆ ಸಾರ್. ಪಾಪ, ಅಲ್ಲಿಯ ಭಾಷೆ ಅಭ್ಯಾಸ ಮಾಡ್ತಿದ್ರು. ಹೌದು ಸಾರ್... ಹೆಮ್ಮೆಯ ವಿಷಯ ಸಾರ್," ಎಂದರು.

ಮೇಲಿನವರು ಆ ಕಡೆಯಿಂದ ಅಭಿನಂದನೆ ಹೇಳಿದರು. ಮೈಕಣ್ಣ ಅಲ್ಲೇ ಬಾಯಿಬಿಟ್ಟು ಇಲ್ಲವೆನ್ನಬಹುದಿತ್ತು. ಆದರೆ ಕಂಟ್ರೋಲರ್ ಅವನ ಕೈಕುಲುಕಿದರು, ಅವನಿಗಾಗಿ ಚಹಾ ತರಿಸಿದರು, ಗಾಜಿನಾಚೆ ನಿಂತಿದ್ದ ಕಂಡಕ್ಟರುಗಳು ಮೊದಲ ಬಾರಿಗೆ ಅವನ ಮುಖವನ್ನು ನೋಡಿದರು. ಮೈಕಣ್ಣ ಚಹಾ ಕುಡಿದು ಮುಗಿಸಿ ಹೇಳೋಣವೆಂದುಕೊಂಡ. ಮುಗಿಯುವಷ್ಟರಲ್ಲಿ ಸುದ್ದಿ ಎಲ್ಲ ಬಸ್ಸುಗಳನ್ನೂ ಹತ್ತಿ ಎಲ್ಲ ಊರುಗಳಿಗೂ ಹೊರಟುಹೋಗಿತ್ತು.

ಸಂಜೆ ಮನೆಗೆ ಬಂದರೆ ಮೇಲಿನ ಮನೆಯ ನಿವೃತ್ತ ಭೂಗೋಳದ ಮೇಷ್ಟ್ರು ದೊಡ್ಡದೊಂದು ಭೂಪಟದ ಪುಸ್ತಕ ಹಿಡಿದು ಬೆತ್ತದ ಕುರ್ಚಿಯಲ್ಲೇ ಕುಳಿತಿದ್ದರು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಬನ್ನಿ ಬನ್ನಿ. ಹೇಳ್ದೆ ಕೇಳ್ದೆ ಹೊರಟೇಬಿಟ್ರಲ್ಲ!" ಎಂದರು ಮೇಷ್ಟ್ರು. "ನಾರ್ವೇಲಿ ಚಳಿಗಾಲ ಪೂರ್ತಿ ಕತ್ತಲೆ ಇರೋ ಜಾಗಗಳಿವೆ. ನಿಮ್ಮ ಮುಖಕ್ಕೆ ಚೆನ್ನಾಗಿ ಹೊಂದುತ್ತೆ. ಇನ್ನೊಂದು ಇಲ್ಲಿದೆ ನೋಡಿ, ವೇಲ್ಸು. ಸದಾ ಮಳೆ. ಅದೂ ಹೊಂದುತ್ತೆ."

"ಮೇಷ್ಟ್ರೇ, ನಾನು ಎಲ್ಲಿಗೂ..."

"ತಡೀರಿ. ನನಗೊಂದು ಅರ್ಥವಾಗ್ತಿಲ್ಲ." ಮೇಷ್ಟ್ರು ಕನ್ನಡಕ ಏರಿಸಿಕೊಂಡು ಭೂಪಟದ ಮೇಲೆ ಬೆರಳಿಟ್ಟರು. "ಇವೆರಡೂ ಒಂದೇ ಕಡೆ ಇಲ್ಲ. ನಡುವೆ ಸಮುದ್ರ ಇದೆ. ಕೆಲಸಕ್ಕೆ ಹೋಗೋನಿಗೆ ಒಂದು ಭಾಷೆ ಸಾಕು. ಎರಡನೇದು ಯಾಕೆ? ಒಂದು ಕಡೆ ಕೆಲಸ, ಇನ್ನೊಂದು ಕಡೆ..."

ಅವರು ಅಲ್ಲಿಗೆ ನಿಲ್ಲಿಸಿ, ಮೈಕಣ್ಣನ ಹೆಂಡತಿಯ ಮುಖ ನೋಡಿ, ಪುಸ್ತಕ ಮುಚ್ಚಿ, ಮೊಣಕಾಲು ನೋವಿನ ನೆಪ ಹೇಳಿ ಮೇಲೆ ಹೋದರು. ನಿವೃತ್ತರಾದವರು ಮಾತನ್ನು ಅರ್ಧಕ್ಕೆ ಬಿಡಬಾರದು. ಉಳಿದರ್ಧವನ್ನು ಬೀದಿಯವರು ಪೂರ್ತಿ ಮಾಡಿದರು. ಎದುರುಮನೆಯಾಕೆ, ಮೈಕಣ್ಣನ ಕಿಟಕಿಯಿಂದ ಹೆಂಗಸೊಬ್ಬಳು "ಬಹಳ ಚೆನ್ನಾಗಿ ಹೇಳಿದಿರಿ" ಎಂದು ಉಲಿಯುವುದನ್ನು ತಾನೇ ಕಿವಿಯಾರೆ ಕೇಳಿದ್ದಾಗಿ ಹೇಳಿದಳು. ಗಂಡಸನ್ನು ಯಾರಾದರೂ ಅಷ್ಟು ಹೊಗಳುತ್ತಾರೆಂದರೆ ಅದು ಅವನ ಹೆಂಡತಿಯಾಗಿರಲು ಸಾಧ್ಯವಿಲ್ಲ ಎಂಬಲ್ಲಿ ಬೀದಿಗೆ ಎರಡು ಅಭಿಪ್ರಾಯವಿರಲಿಲ್ಲ.

ಮೈಕಣ್ಣ ಅಡುಗೆಮನೆಗೆ ಹೋಗಿ ಹೆಂಡತಿಯ ಹಿಂದೆ ನಿಂತ. "ನೋಡು, ಅವರು ಹೇಳೋದೆಲ್ಲ..."

"ಕೈ ಕಾಲು ತೊಳ್ಕೊಳ್ಳಿ. ಊಟಕ್ಕೆ ಹಾಕ್ತೀನಿ."

"ನಾನು ಸುಮ್ಮನೆ ಕಲೀತಿರೋದು."

"ಹೌದು. ನೀವು ಏನು ಮಾಡಿದ್ರೂ ಸುಮ್ಮನೇನೇ," ಎಂದಳು ಆಕೆ. ಆಮೇಲೆ ಆ ವಿಷಯ ಎತ್ತಲಿಲ್ಲ. ಅವನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಮೊದಲ ಕೆಲವು ದಿನ ಅವಳ ಕಣ್ಣು ಊದಿಕೊಂಡಿರುತ್ತಿತ್ತು. ಈರುಳ್ಳಿ ಎನ್ನುತ್ತಿದ್ದಳು. ಆಮೇಲೆ ಈರುಳ್ಳಿ ನಿಂತಿತು.

ಮೈಕಣ್ಣ ಇಲ್ಲವೆಂದು ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ. ಕಂಡಕ್ಟರುಗಳು ಕಣ್ಣು ಹೊಡೆದು, "ವೀಸಾ ಕೈಗೆ ಬರೋವರೆಗೆ ಎಲ್ಲರೂ ಹೀಗೇ ಹೇಳ್ತಾರೆ ಬಿಡಿ," ಎಂದರು. ಅಂಗಡಿಯವನು ಅವನ ವಿನಯವನ್ನು ಮೆಚ್ಚಿಕೊಂಡ. ಜಗತ್ತಿನಲ್ಲಿ ಯಾರೂ ನಂಬದ ಮಾತನ್ನು ಹೇಳುವವನಿಗೆ ಪ್ರಾಮಾಣಿಕ ಎಂದು ಹೆಸರು ಬರುವುದಿಲ್ಲ, ಕಳ್ಳ ಎಂದೇ ಬರುವುದು.

ಅದೇ ವಾರ ಭಾವಮೈದ ಬಂದ. ಹೆಂಡತಿಯ ತಮ್ಮನಾದ ಇವನು ಬಹಳ ಉಪಕಾರಿ. ಉಪಕಾರ ಮಾಡಲು ಬಂದಾಗಲೆಲ್ಲ ಏನನ್ನಾದರೂ ಹೊತ್ತುಕೊಂಡು ಹೋಗುತ್ತಿದ್ದ. "ಭಾವ, ಸ್ಕೂಟರ್ ನಿಂತಲ್ಲೇ ನಿಂತ್ರೆ ಕೆಟ್ಟು ಕೆರ ಹಿಡಿಯುತ್ತೆ. ನಾನು ಓಡಿಸ್ತಾ ಇರ್ತೀನಿ, ನೀವು ನಿಶ್ಚಿಂತೆಯಾಗಿರಿ," ಎಂದು ಬೀಗದ ಕೈ ತೆಗೆದುಕೊಂಡ.

"ನಾನು ದಿನಾ ಕೆಲಸಕ್ಕೆ ಅದರಲ್ಲೇ ಹೋಗೋದಲ್ಲಯ್ಯ."

"ಈಗಿಂದಾನೇ ನಡೆದು ಅಭ್ಯಾಸ ಮಾಡ್ಕೊಳ್ಳಿ ಭಾವ. ಆ ದೇಶಗಳಲ್ಲಿ ಎಲ್ಲರೂ ನಡೀತಾರಂತೆ."

ಮುಂದಿನ ಸಲ ಬಂದಾಗ ಅವನು ಬೆತ್ತದ ಕುರ್ಚಿಯನ್ನು ಅಲುಗಾಡಿಸಿ ನೋಡಿ, ಕಾಲು ಸಡಿಲವಾಗಿದೆ, ರಿಪೇರಿ ಮಾಡಿಸಿ ತರುತ್ತೇನೆ ಎಂದ. ಸ್ಕೂಟರಿನ ಹಿಂದೆಯೇ ಅದನ್ನು ಕಟ್ಟಿಕೊಂಡು ಹೋದ. ಮರುದಿನ ಕಿಟಕಿಯ ಪಕ್ಕ, ಕುರ್ಚಿ ಇದ್ದ ಕಡೆ, ಒಂದು ಹೊಲಿಗೆ ಯಂತ್ರ ಬಂದು ಕುಳಿತಿತ್ತು. ಹೆಂಡತಿ ಯಾವುದೋ ಶಾಲೆಯ ಪರದೆಗಳನ್ನು ಹೊಲಿದುಕೊಡಲು ಒಪ್ಪಿಕೊಂಡಿದ್ದಳು. ಬ್ಯಾಂಕಿಗೆ ತಾನೇ ಹೋಗುತ್ತಿದ್ದಳು, ನಲ್ಲಿ ಸೋರಿದರೆ ತಾನೇ ವಾಷರ್ ಹಾಕುತ್ತಿದ್ದಳು. ಯಂತ್ರ ತುಳಿಯುತ್ತಾ ಏನೋ ಗುನುಗುತ್ತಲೂ ಇದ್ದಳು. ಪಾಪ, ದುಃಖ ಮರೆಯಲು ಎಷ್ಟು ಕಷ್ಟಪಡುತ್ತಿದ್ದಾಳೆ ಎಂದು ಮೈಕಣ್ಣ ಗೋಡೆಗೆ ಒರಗಿ ನಿಂತು ಮರುಗಿದ. ನಿಲ್ಲದೆ ವಿಧಿಯಿರಲಿಲ್ಲ, ಕೂರಲು ಮನೆಯಲ್ಲಿ ಬೇರೆ ಕುರ್ಚಿಯಿರಲಿಲ್ಲ.

ನಿಲ್ದಾಣದಲ್ಲಿ ಇನ್ನೊಂದು ಕಥೆ. ಕಂಟ್ರೋಲರ್ ಒಂದು ಬೆಳಿಗ್ಗೆ ತಮ್ಮ ಷಡ್ಡಕನ ಮಗಳನ್ನು ಕರೆತಂದು, "ನೀವು ಹೋದ ಮೇಲೆ ಗೂಡು ಖಾಲಿ ಬೀಳಬಾರದಲ್ಲ. ಕೆಲಸ ಕಲಿಸಿಕೊಡಿ," ಎಂದರು. ಹುಡುಗಿ ಮೊದಲ ದಿನ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಮೈಕು ಎತ್ತರದಲ್ಲಿದೆ, ಸ್ಟೂಲಿನಿಂದ ಎಟುಕುವುದಿಲ್ಲ ಎಂದು ಮರುದಿನ ತಿರುಗುವ ಕುರ್ಚಿಗೆ ಬಂದಳು, ಮೈಕಣ್ಣ ಸ್ಟೂಲಿಗೆ ಹೋದ. ಆಮೇಲೆ ಗೂಡಿನಲ್ಲಿ ಸೆಖೆಯೆಂದು ಸ್ಟೂಲು ಬಾಗಿಲಾಚೆ ಹೋಯಿತು, ಸ್ಟೂಲಿನ ಜೊತೆ ಅವನೂ ಹೋದ. ಹುಡುಗಿಯ ದನಿ ತಿಳಿಯಾಗಿತ್ತು. ಯಾವ ಬಸ್ಸು ಎಲ್ಲಿದೆಯೆಂದು ಜನಕ್ಕೆ ಒಂದೇ ಸಲಕ್ಕೆ ಅರ್ಥವಾಗತೊಡಗಿತು. ಒಬ್ಬ ಮುದುಕ ಬಾಗಿಲಾಚೆ ಕುಳಿತ ಮೈಕಣ್ಣನನ್ನೇ ತಡೆದು, "ಮೊದ್ಲು ಒಬ್ಬ ಕೂಗ್ತಿದ್ದನಲ್ಲ, ಹೋದನಾ? ಒಳ್ಳೇದಾಯ್ತು ಬಿಡಿ," ಎಂದ.

ಮೈಕಣ್ಣ ಕಂಟ್ರೋಲರ್ ಎದುರು ಹೋಗಿ ಕೈಮುಗಿದ. "ಸಾರ್, ಆವತ್ತು ನೀವು ನನ್ನ ಉಳಿಸೋಕೆ ಸುಳ್ಳು ಹೇಳಿದ್ರಿ. ನಾನು ಹೊರಟಿಲ್ಲ ಅಂತ ನಿಮಗೆ ಗೊತ್ತಲ್ಲ ಸಾರ್!"

ಕಂಟ್ರೋಲರ್ ಅವನನ್ನು ಕರುಣೆಯಿಂದ ನೋಡಿದರು. ಅವರು ಆ ಸುಳ್ಳನ್ನು ಅಷ್ಟು ಜನರಿಗೆ, ಅಷ್ಟು ಸಲ, ಅಷ್ಟು ವಿವರವಾಗಿ ಹೇಳಿದ್ದರೆಂದರೆ, ಅದು ಸುಳ್ಳೆಂಬುದೇ ಅವರಿಗೆ ಮರೆತುಹೋಗಿತ್ತು. "ಹೊರಡೋ ಹೊತ್ತಿಗೆ ಎಲ್ಲರಿಗೂ ಹೀಗೇ ಧೈರ್ಯ ಕುಸಿಯುತ್ತೆ," ಎಂದು ಬೆನ್ನು ತಟ್ಟಿದರು. "ಶನಿವಾರ ಬೀಳ್ಕೊಡುಗೆ ಇಟ್ಕೊಂಡಿದ್ದೀವಿ. ಒಳ್ಳೆ ಶರ್ಟು ಹಾಕ್ಕೊಂಡು ಬನ್ನಿ."

ಶನಿವಾರ ಪ್ರಯಾಣಿಕರ ತಂಗುಕೋಣೆಯಲ್ಲಿ ಬೆಂಚುಗಳನ್ನು ಸಾಲಾಗಿ ಇಟ್ಟಿದ್ದರು. ಡ್ರೈವರುಗಳು, ಕಂಡಕ್ಟರುಗಳು, ಬಸ್ಸು ತಪ್ಪಿಸಿಕೊಂಡು ಹೊತ್ತು ಹೋಗದ ಕೆಲವು ಪ್ರಯಾಣಿಕರು, ಎಲ್ಲರೂ ಇದ್ದರು. ಹೆಂಡತಿ ಪರದೆಗಳ ಕೆಲಸವಿದೆಯೆಂದು ಬಂದಿರಲಿಲ್ಲ. ಕಂಟ್ರೋಲರ್ ಮಾತಾಡಿದರು. ಮೈಕಣ್ಣನಿಲ್ಲದ ನಿಲ್ದಾಣವನ್ನು ಊಹಿಸುವುದೂ ಕಷ್ಟ ಎಂದರು. ಅಷ್ಟರಲ್ಲಿ ಸ್ಪೀಕರಿನಿಂದ ಹುಡುಗಿಯ ದನಿ ಒಂದು ಬಸ್ಸಿನ ಸುದ್ದಿ ಹೇಳಿತು, ಕೇಳಿದವರು ತಲೆದೂಗಿದರು. ಎಲ್ಲರೂ ಸೇರಿ ಕೊಂಡಿದ್ದ ಚಕ್ರವಿರುವ ದೊಡ್ಡ ಸೂಟ್‌ಕೇಸನ್ನು ಚಪ್ಪಾಳೆಯ ನಡುವೆ ಅವನ ಮುಂದೆ ಉರುಳಿಸಿ ನಿಲ್ಲಿಸಿದರು. ಹಿಂದಿನ ಬೆಂಚಿನಿಂದ ಯಾರೋ, "ಆ ಭಾಷೇಲಿ ಎರಡು ಮಾತಾಡಿ!" ಎಂದು ಕೂಗಿದರು.

ಮೈಕಣ್ಣ ಎದ್ದು ನಿಂತ. ನಮ್ಮ ಭಾಷೆಯಲ್ಲೇ ಹೇಳಿದ: "ನಾನು ಎಲ್ಲಿಗೂ ಹೋಗ್ತಾ ಇಲ್ಲ. ಯಾರೂ ನನ್ನ ಕರೆದಿಲ್ಲ. ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ. ಕಲಿಯೋಕೆ ಚೆನ್ನಾಗಿತ್ತು, ಅದಕ್ಕೇ ಕಲಿತೆ. ದಯವಿಟ್ಟು ನನ್ನ ಕುರ್ಚಿ ನನಗೆ ಕೊಡಿ."

ಈ ಸಲ ಎಲ್ಲರೂ ನಂಬಿದರು. ಪಾಸ್‌ಪೋರ್ಟ್ ಇಲ್ಲ ಎಂಬ ಮಾತಿಗೆ ಅಷ್ಟು ತೂಕವಿದೆಯೆಂದು ಮೊದಲೇ ಗೊತ್ತಿದ್ದರೆ ಅವನು ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ಒಬ್ಬ ಡ್ರೈವರು ಎದ್ದು, "ಹಾಗಾದ್ರೆ ಈ ಸೂಟ್‌ಕೇಸು?" ಎಂದ. ಇನ್ನೊಬ್ಬ, "ನಾವೇನು ಮಂಗಗಳಾ?" ಎಂದ. ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕನೊಬ್ಬ, ಇವನ ದೆಸೆಯಿಂದಲೇ ತನ್ನ ಬಸ್ಸು ತಪ್ಪಿದ್ದು ಎಂದು ಬಾಯಿ ಬಡಿದುಕೊಂಡ. ಕಂಟ್ರೋಲರ್ ಮುಖ ಹುಳ್ಳಗಾಯಿತು.

"ಮೇಲಿನವರಿಗೆ ನಾನು ಈಗ ಏನಂತ ಹೇಳ್ಲಿ ಮಾರಾಯ್ರೆ? ಹುಡುಗಿ ಹೆಸರು ಕಳಿಸಿ ಆಗಿದೆ, ಆರ್ಡರೂ ಬಂದಿದೆ." ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ಒಂದು ಕೆಲಸ ಮಾಡಿ. ಹೇಗೂ ಎಲ್ಲರೂ ಒಪ್ಪಿಕೊಂಡಿದ್ದಾರೆ. ಒಂದೆರಡು ವರ್ಷ ಎಲ್ಲಾದ್ರೂ ಹೋಗಿಬಿಡಿ."

"ಎಲ್ಲಿಗೆ ಸಾರ್?"

"ಎಲ್ಲಾದ್ರೂ ಅಂದ್ನಲ್ಲ."

ಕೊನೆಗೆ, ಅವನು ಹೋಗುವುದೇ ಇಲ್ಲವೆಂದು ಖಾತ್ರಿಯಾದ ಮೇಲೆ, ಮರೆತುಹೋದ ಸಾಮಾನುಗಳನ್ನು ಇಡುವ ಹಿಂಭಾಗದ ಕೋಣೆಯನ್ನು ಅವನಿಗೆ ಕೊಟ್ಟರು. ಅಲ್ಲಿ ಕೊಡೆಗಳಿದ್ದವು, ಒಂಟಿ ಚಪ್ಪಲಿಗಳಿದ್ದವು, ಯಾರದೋ ಹಲ್ಲಿನ ಸೆಟ್ಟು ಇತ್ತು. ಕುರ್ಚಿ ಇರಲಿಲ್ಲ. ಯಾರೂ ಕುರ್ಚಿಯನ್ನು ಬಸ್ಸಿನಲ್ಲಿ ಮರೆತು ಹೋಗುವುದಿಲ್ಲ. ಸೂಟ್‌ಕೇಸನ್ನು ವಾಪಸು ಪಡೆಯಲು ಮಾತ್ರ ಎಲ್ಲರಿಗೂ ಅಭಿಮಾನ ಅಡ್ಡ ಬಂತು.

ಅಂದೇ ಮೈಕಣ್ಣ ಸೂಟ್‌ಕೇಸು ಎಳೆದುಕೊಂಡು ನಡೆದೇ ಮನೆಗೆ ಹೊರಟ. ಚಕ್ರಗಳು ಬೀದಿಯುದ್ದಕ್ಕೂ ಗಡಗಡ ಸದ್ದು ಮಾಡಿದವು. ಹೊರಟ ದಿನ ಇದೇ ಎಂದು ತಿಳಿದು ಜನ ಬಾಗಿಲಿಗೆ ಬಂದು ಕೈ ಬೀಸಿದರು. ಮೇಷ್ಟ್ರು ಮೇಲಿನಿಂದ, "ನಿಲ್ದಾಣ ಆ ಕಡೆ!" ಎಂದು ಕೂಗಿದರು. ಅವನು ತಲೆಯೆತ್ತಲಿಲ್ಲ. ಆದರೂ ಅವನ ಹೆಜ್ಜೆ ಚುರುಕಾಗಿತ್ತು. ಗೂಡಿನ ಕುರ್ಚಿ ಹೋದರೆ ಹೋಗಲಿ. ಮನೆಯಲ್ಲಿ ಒಬ್ಬಳಿದ್ದಾಳೆ, ಇಷ್ಟು ದಿನ ಬಾಯಿ ಮುಚ್ಚಿಕೊಂಡು ಅತ್ತಿದ್ದಾಳೆ. ಅವಳಿಗೆ ಈ ಮಾತು ಹೇಳಿದರೆ ಅವಳ ಮುಖ ಹೇಗಾದೀತು ಎಂದು ನೆನೆಯುತ್ತಾ ಸೂಟ್‌ಕೇಸನ್ನು ಇನ್ನಷ್ಟು ಜೋರಾಗಿ ಎಳೆದ.

ಹೆಂಡತಿ ಯಂತ್ರದ ಮುಂದೆ ಕುಳಿತಿದ್ದಳು. ಮನೆ ತುಂಬ ನೀಲಿ ಪರದೆ ಹರಡಿತ್ತು. ಸೂಟ್‌ಕೇಸು ನೋಡಿ ಅವಳು ತುಳಿಯುವುದನ್ನು ನಿಲ್ಲಿಸಿದಳು.

"ಇವತ್ತೇನಾ?"

"ಇವತ್ತೂ ಇಲ್ಲ, ಯಾವತ್ತೂ ಇಲ್ಲ," ಎಂದ ಮೈಕಣ್ಣ. "ನಾನು ಹೋಗಲ್ಲ ಕಣೇ. ಹೋಗೋದು ಇರಲೇ ಇಲ್ಲ. ಎಲ್ಲರ ಮುಂದೆ ಹೇಳಿ ಬಂದೆ. ಅವರೂ ನಂಬಿದ್ರು."

ಅವಳು ಅವನನ್ನೇ ನೋಡಿದಳು. ಅವನು ಕಾದಿದ್ದ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಬಸ್ಸು ರದ್ದಾಗಿದೆ ಎಂದು ಕೂಗಿದಾಗ ಗಾಜಿನಾಚೆ ನಿಂತವರ ಮುಖ ಹೇಗೆ ಇಳಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳದೂ ಅದೇ ಮುಖ. ಒಂದು ಗಳಿಗೆ ಇತ್ತು, ಅವಳು ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಇರಲಿಲ್ಲ.

"ಹೌದಾ," ಎಂದಳು. ಯಂತ್ರದ ದಾರ ಕತ್ತರಿಸಿ, "ಅಷ್ಟು ದಿನ ಕಲಿತ್ರಲ್ಲ, ಏನೇನು ಹೇಳೋಕೆ ಬರುತ್ತೆ ನಿಮಗೆ?" ಎಂದು ಕೇಳಿದಳು. ಇಷ್ಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

"ಮಳೆ ಬರ್ತಿದೆ. ದೋಣಿ ಎಲ್ಲಿದೆ. ನನಗೆ ಕಾಫಿ ಇಷ್ಟ."

"ಹೋಗಬೇಡಿ ಅನ್ನೋದಕ್ಕೆ ಏನಂತಾರೆ?"

ಮೈಕಣ್ಣ ತಡಕಾಡಿದ. ಎರಡರಲ್ಲೂ ತಡಕಾಡಿದ. "ಆ ಪಾಠ ಇನ್ನೂ ಬಂದಿಲ್ಲ."

"ಬಿಡಿ," ಎಂದಳು ಅವಳು, ದಾರವನ್ನು ಸೂಜಿಗೆ ಪೋಣಿಸುತ್ತಾ. "ನಮ್ಮ ಭಾಷೇಲಿ ನನಗೆ ಬರ್ತಿತ್ತು. ನಾನೂ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಯೋಚಿಸಿದಳು. "ಮೊದ್ಲು, ಹೇಳಿದ್ರೂ ನೀವು ಕೇಳಲ್ಲ ಅನ್ನಿಸ್ತು. ಆಮೇಲೆ ಹೇಳ್ಬೇಕು ಅಂತ್ಲೇ ಅನ್ನಿಸ್ಲಿಲ್ಲ."

ಮೈಕಣ್ಣನಿಗೆ ಅಳು ಬಂತು. ಅತ್ತರೆ ಯಾವ ಮೂಲೆಯಲ್ಲಿ ಕುಳಿತು ಅಳಬೇಕು ಎಂದು ಸುತ್ತ ನೋಡಿದ. ನೆಲವೆಲ್ಲ ಪರದೆ. ಸೂಟ್‌ಕೇಸನ್ನು ಗೋಡೆಗೆ ತಾಗಿಸಿ ಮಲಗಿಸಿ, ಅದರ ಮೇಲೆ ಕುಳಿತ. ಚಕ್ರ ಜಾರಿ ಅದು ಒಂದು ಮೊಳ ಮುಂದಕ್ಕೆ ಹೋಯಿತು, ಕಾಲೂರಿ ನಿಲ್ಲಿಸಿಕೊಂಡ. ಅವಳು ಮತ್ತೆ ತುಳಿಯಲು ತೊಡಗಿದಳು. ಉದ್ದನೆಯ ಪರದೆ ಯಂತ್ರದಿಂದ ಜಾರಿ ನೆಲಕ್ಕೆ ಬಿದ್ದು ಮುದುರಿಕೊಳ್ಳುತ್ತಿತ್ತು. ಎರಡು ಸಲ ಎದ್ದು ಸರಿಮಾಡಿಕೊಂಡಳು. ಮೂರನೆಯ ಸಲ ತಿರುಗದೆಯೇ ಹೇಳಿದಳು:

"ಹೇಗೂ ಇರ್ತೀರಲ್ಲ, ಆ ತುದಿ ಸ್ವಲ್ಪ ಎತ್ತಿ ಹಿಡ್ಕೊಳ್ಳಿ."

ಮೈಕಣ್ಣ ಎದ್ದು ಪರದೆಯ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಅವಳು ಹೊಲಿಯುತ್ತಾ ಹೋದಳು. ಅವನು ಬಟ್ಟೆ ನೆಲಕ್ಕೆ ತಾಗದ ಹಾಗೆ ನೋಡಿಕೊಂಡ.